ಭಾವನವರ ಬಿತ್ತನೆ ಮೀನು

ಬೆಳಗ್ಗೆ ಎದ್ದು ಬಾಗಿಲಿಗೆ ನೀರು ಹಾಕಿದೆ. ಹಾಲು ಕಾಸಿದೆ. ಅವರೆಕಾಯಿ ಬಿಡಿಸಲು ಕೂತೆ; ಅರ್ಧ ಆಗುವಷ್ಟರಲ್ಲಿ ಬೆಕ್ಕು ಬಂದು ಸಿಪ್ಪೆಯ ಮೇಲೆ ಮಲಗಿತು, ಅದನ್ನು ಎಬ್ಬಿಸಿ ಉಳಿದರ್ಧ ಬಿಡಿಸಿದೆ. ಅಟ್ಟದ ಮೇಲಿನ ಕೊಬ್ಬರಿಗೆ ಇಲಿ ಬಿದ್ದಿದೆಯೋ ನೋಡಲು ಯಜಮಾನರು ಏಣಿ ಹತ್ತಿದರು, ನಾನು ಏಣಿ ಹಿಡಿದುಕೊಂಡು ನಿಂತೆ. ಬಟ್ಟೆ ನೆನೆಹಾಕಿದೆ. ಟೀ ಸೋಸಲು ಜರಡಿ ಹುಡುಕಿದೆ, ಸಿಗಲಿಲ್ಲ. ಹಾಲ್‌ಗೆ ಹೋಗಿ ಭಾವನವರ ಕೈಯಿಂದ ಅದನ್ನು ಇಸಿದುಕೊಂಡೆ. ಅದರೊಳಗೆ ಮಿಲಮಿಲ ಅನ್ನುತ್ತಿದ್ದ ಮೀನಿನ ಮರಿಗಳನ್ನು ನೀರಿಗೆ ಬಿಟ್ಟು, ಜರಡಿಯನ್ನು ಕುದಿಯುವ ನೀರಿನಲ್ಲಿ ಅದ್ದಿ ತೊಳೆದು, ಟೀ ಸೋಸಿದೆ. ನಮ್ಮ ಮನೆಗೆ ಬಂದು ‘ನಿಮ್ಮ ಟೀಗೆ ಅದೇನೋ ಒಂದು ರುಚಿ ಕಣ್ರೀ’ ಎಂದು ಹೊಗಳುವ ನೆಂಟರಿಗೆ ಈ ಸಂಗತಿ ನಾನು ಹೇಳಿಲ್ಲ. ದಯವಿಟ್ಟು ನೀವೂ ಹೇಳಬೇಡಿ!

ನಮ್ಮ ಭಾವನವರಿಗೆ, ಅಂದರೆ ನಮ್ಮ ಯಜಮಾನರ ಅಣ್ಣನಿಗೆ, ಮೀನಿನ ಹುಚ್ಚು ಎಂದು ತಿಪಟೂರಿನಲ್ಲಿ ಅರ್ಧ ಜನ ಹೇಳುತ್ತಾರೆ. ಶುದ್ಧ ಸುಳ್ಳು! ಅವರಿಗಿರುವುದು ಆರಿಸುವ ಹುಚ್ಚು. ಮೀನು ಪಾಪ, ಆ ದಾರಿಯಲ್ಲಿ ಸಿಕ್ಕಿಹಾಕಿಕೊಂಡ ಪ್ರಾಣಿ.

ಇವತ್ತು ಭಾನುವಾರ, ಅದೂ ಆರಿಸುವ ಭಾನುವಾರ. ಬೀದಿಯ ಮೂವರು ಮಕ್ಕಳು ತಿಂಗಳುಗಟ್ಟಲೆ ಸಾಕಿದ ಗಪ್ಪಿ ಮೀನುಗಳಲ್ಲಿ ಒಂದೊಂದು ಜೋಡಿಯನ್ನು ಆರಿಸಿ ಹಾಲ್‌ನ ಗಾಜಿನ ಪೆಟ್ಟಿಗೆಗೆ ಬಿಡಬೇಕು. ಮುಂದಿನ ಸಂತಾನ ಆ ಜೋಡಿಗಳದು. ಆಯ್ಕೆಯಾಗದವು ಹಿತ್ತಿಲಿನ ಸಿಮೆಂಟ್ ತೊಟ್ಟಿಗೆ. ತೊಟ್ಟಿಯೇನು ಕೆಟ್ಟ ಜಾಗವಲ್ಲ, ನೀರು ತಂಪು, ಸೊಳ್ಳೆಯ ಹುಳು ಬೇಕಾದಷ್ಟು. ಆದರೆ ಅದರ ಮೇಲೆ ಹಾದುಹೋಗುವ ಕರೆಂಟಿನ ತಂತಿಯ ಮೇಲೆ ಒಂದು ಮಿಂಚುಳ್ಳಿ ಕೂತಿರುತ್ತದೆ. ಆರಿಸುವ ಕೆಲಸ ಅದಕ್ಕೂ ಚೆನ್ನಾಗಿ ಗೊತ್ತು; ನಿಧಾನಕ್ಕೆ ಈಜುವುದನ್ನೇ ಮೊದಲು ಆರಿಸುತ್ತದೆ.

ಆರನೇ ಕ್ಲಾಸಿನ ನಮ್ಮ ಮಗಳು ಸ್ಫೂರ್ತಿ ಬೆಳಗಿನಿಂದ ಒಂದು ತುತ್ತು ತಿಂದಿರಲಿಲ್ಲ. ಕಾರಣ, ಡೊಂಕಿ. ಡೊಂಕಿ ಅಂದರೆ ಅವಳು ಸಾಕಿದ ಒಂದು ಹೆಣ್ಣು ಮೀನು. ಹುಟ್ಟುವಾಗಲೇ ಬೆನ್ನು ಡೊಂಕು. ಬೇರೆಯವು ಬಂದು ಊಟ ಮುಗಿಸಿ ಹೋದಮೇಲೆ ಇದು ಅಡ್ಡಾಡಿಕೊಂಡು ಬರುತ್ತಿತ್ತು. ಅದಕ್ಕೆಂದೇ ಸ್ಫೂರ್ತಿ ಮೊಟ್ಟೆಯ ಹಳದಿಯನ್ನು ಬೆರಳಲ್ಲಿ ನುಣ್ಣಗೆ ಮಾಡಿ, ಔಷಧದ ಡ್ರಾಪರಿನಲ್ಲಿ ಎಳೆದು, ಅದರ ಬಾಯ ಮುಂದೆ ಒಂದೊಂದೇ ತೊಟ್ಟು ಬಿಟ್ಟು ಬೆಳೆಸಿದ್ದಳು. ಈಗ ಅದು ತೊಟ್ಟಿಗೆ ಹೋಗುವುದೋ, ಗಾಜಿನ ಪೆಟ್ಟಿಗೆಗೆ ಬರುವುದೋ? ನಮ್ಮ ಮನೆಯ ಇವತ್ತಿನ ಏಕೈಕ ಪ್ರಶ್ನೆ ಅದು. ಅವರೆಕಾಳು ಸಾರಿಗೆ ಬೆಲ್ಲ ಹಾಕಲೋ ಬೇಡವೋ ಎಂಬ ನನ್ನ ಪ್ರಶ್ನೆಯನ್ನು ಯಾರೂ ಕಿವಿಗೇ ಹಾಕಿಕೊಳ್ಳಲಿಲ್ಲ.

ಭಾವನವರ ವಿಷಯ ಗೊತ್ತಿಲ್ಲದವರಿಗೆ ಇದೆಲ್ಲ ಅತಿಯೆನಿಸಬಹುದು. ಅವರು ತೆಂಗಿನ ಸಸಿ ಮಾಡಿ ಕೊಡುವವರು. ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯಿಂದೆಲ್ಲ ಜನ ಬಂದು ಸಸಿ ಒಯ್ಯುತ್ತಾರೆ. ಬಿತ್ತನೆ ಕಾಯಿಗೆ ತಾಯಿಮರ ಹುಡುಕುವಾಗ ಅವರ ಮುಖ ನೋಡಬೇಕು. ಮರದ ಸುತ್ತ ಸುತ್ತಿ, ತಲೆ ಎತ್ತಿ, ಬಾಯಿ ತೆರೆದು, ಗರಿಗಳ ಸಂದಿನ ಆಕಾಶದಲ್ಲಿ ಏನೋ ಓದುತ್ತಿರುವವರ ಹಾಗೆ ನಿಂತುಬಿಡುತ್ತಾರೆ. ಕಾಯಿಯನ್ನು ಕಿತ್ತು ಕೆಳಕ್ಕೆ ಎಸೆಯುವಂತಿಲ್ಲ, ಹಗ್ಗ ಕಟ್ಟಿ ತೊಟ್ಟಿಲಲ್ಲಿ ಇಳಿಸಿದ ಹಾಗೆ ಇಳಿಸಬೇಕು. ಬಚ್ಚಲ ಮಗ್ಗುಲ ಮರವಾದರೆ ಕತ್ತೆತ್ತಿ ನೋಡುವುದೂ ಇಲ್ಲ.

“ಗೊನೆಗೊನೆ ಬಿಟ್ಟೈತಲ್ಲ ಭಾವ?” ಎಂದು ಹೊಸದಾಗಿ ಮದುವೆಯಾಗಿ ಬಂದಾಗ ನಾನು ಕೇಳಿದ್ದೆ.

“ಮರ ಬುಟ್ಟಿದ್ದಲ್ಲ ಕಣಮ್ಮ, ಬಚ್ಚಲು ಬುಟ್ಟಿದ್ದು. ನಾವೆಲ್ಲ ಸ್ನಾನ ಮಾಡಿದ ನೀರು ಕುಡ್ಕೊಂಡು ಕೂತೈತೆ. ಬೆದ್ದಲಲ್ಲಿ ಬರೀ ಮಳೆ ನೀರು ನೆಚ್ಕೊಂಡು ಇಷ್ಟು ಬುಡ್ಲಿ, ನಾನೇ ಕೈ ಮುಗೀತೀನಿ.”

ಈ ಆರಿಸುವ ಗುಣ ಮರದಲ್ಲೇ ನಿಂತಿದ್ದರೆ ಚಿಂತೆ ಇರಲಿಲ್ಲ. ತುರುವೇಕೆರೆಗೆ ಹೊರಟರೆ ಬಂದ ಬಸ್ಸು ಹತ್ತುವುದಿಲ್ಲ. “ಇದು ಎಡಕ್ಕೆ ವಾಲೈತೆ, ಮುಂದಿಂದು ಬರ್ಲಿ.” ಮುಂದಿನದಕ್ಕೆ ಉಸಿರು ಸರಿ ಇರುವುದಿಲ್ಲ. ಸಂಜೆಯ ಬಸ್ಸಿನ ನಿಲುವು ಚೆನ್ನಾಗಿರುತ್ತದೆ, ಆದರೆ ಅಷ್ಟರಲ್ಲಿ ತುರುವೇಕೆರೆಯ ಕೆಲಸ ಮುಗಿದು ಜನ ವಾಪಸ್ ಬರುತ್ತಿರುತ್ತಾರೆ! ದಂಡಿನಶಿವರದ ಒಂದು ಮದುವೆಯಲ್ಲಿ ತಾಂಬೂಲದ ಚೀಲಗಳಿಂದ ಕಾಯಿಗಳನ್ನು ತೆಗೆದು, ಒಂದೊಂದಾಗಿ ಕಿವಿಯ ಬಳಿ ಅಲ್ಲಾಡಿಸುತ್ತ ಬಾಗಿಲಲ್ಲೇ ನಿಂತುಬಿಟ್ಟಿದ್ದರು. ಹಿಂದೆ ನೆಂಟರ ಸಾಲು. ಕೊನೆಗೆ ಒಂದು ಕಾಯಿ ಹಿಡಿದು ಹೆಣ್ಣಿನ ತಂದೆಯನ್ನೇ ಕೇಳಿದರು: “ಇದು ಯಾವ ಮರದ್ದು?”

ಆ ಪುಣ್ಯಾತ್ಮ ಬೆವರು ಒರೆಸಿಕೊಂಡು ಹೇಳಿದರು: “ಮಂಡಿಯಿಂದ ತರಿಸಿದ್ದು ಕಣಪ್ಪ. ಗಂಡಿನ ಮನೆತನ ವಿಚಾರಿಸಿದ್ದೆ, ಕಾಯಿದು ವಿಚಾರಿಸ್ಲಿಲ್ಲ.”

ಇಂಥವರ ಕೈಗೆ ಗಪ್ಪಿ ಮೀನು ಬಿದ್ದದ್ದು ಹೇಗೆ? ಅರಳಗುಪ್ಪೆಯಿಂದ ಸಸಿಗೆಂದು ಬಂದವರೊಬ್ಬರು ನಮ್ಮ ತೊಟ್ಟಿಯಲ್ಲಿ ಸೊಳ್ಳೆ ಹುಳುಗಳ ಜಾತ್ರೆ ನೋಡಿ, ಮುಂದಿನ ಸಲ ಬರುವಾಗ ಪ್ಲಾಸ್ಟಿಕ್ ಚೀಲದಲ್ಲಿ ಒಂದಿಷ್ಟು ಗಪ್ಪಿ ತಂದು ಸುರಿದರು. ಸುರಿದವರು ಹೋದರು. ಭಾವನವರು ಮಾತ್ರ ತೊಟ್ಟಿಯ ಕಟ್ಟೆಯಿಂದ ಏಳಲೇ ಇಲ್ಲ. ಊಟಕ್ಕೆ ಕರೆಯಲು ಹೋದರೆ ಹೇಳಿದರು: “ಅಮ್ಮಯ್ಯ, ಇಲ್ಲಿ ಒಂದೈತೆ ನೋಡು. ಬಾಲ ಥೇಟ್ ಹೊಂಬಾಳೆ.”

ನೋಡಿದೆ. ನಿಜವಾಗಿ ಹಾಗೇ ಇತ್ತು. ಆಗತಾನೇ ಬಿರಿದ ಹೊಂಬಾಳೆಯ ಎಳೆ ಹಳದಿ, ಹಸಿರು ನೀರಿನೊಳಗೆ ಯಾರೋ ನಿದ್ದೆಗಣ್ಣಿನಲ್ಲಿ ಬೀಸಣಿಗೆ ಬೀಸಿದ ಹಾಗೆ ತೆರೆದು ಮುಚ್ಚುತ್ತಿತ್ತು. ನಾನೂ ಅಲ್ಲೇ ಕೂತೆ. ಒಳಗೆ ಸಾರು ಹಳಸುವ ತನಕ ಕೂತೆವು ಅನ್ನಿ!

ಆ ಬಣ್ಣವನ್ನು ಕುಲದಲ್ಲಿ ಉಳಿಸಬೇಕು ಎಂದು ಅವತ್ತೇ ತೀರ್ಮಾನವಾಯಿತು. ಹಾಲ್‌ಗೆ ಗಾಜಿನ ಪೆಟ್ಟಿಗೆ ಬಂತು. ಆದರೆ ಆರಿಸುವ ವಿದ್ಯೆ ಅವರಿಗೆ ಗೊತ್ತಿದ್ದದ್ದು ತೆಂಗಿನಲ್ಲಿ ಮಾತ್ರ. ತೆಂಗಿನಲ್ಲಿ ಎಳೆಯ ಮರವನ್ನು ನಂಬುವಂತಿಲ್ಲ, ಮುದಿ ಮರ ಬೇಡ. ವರ್ಷವರ್ಷವೂ ತಪ್ಪದೆ ಫಸಲು ಕೊಟ್ಟ ನಡುವಯಸ್ಸಿನ ಮರವೇ ತಾಯಿ. (ನನಗೆ ಈ ನಿಯಮ ತುಂಬ ಹಿಡಿಸುತ್ತದೆ. ಕಾರಣ ಕೇಳಬೇಡಿ.) ಅದೇ ಲೆಕ್ಕವನ್ನು ಮೀನಿಗೂ ಹಾಕಿದರು. “ಅವಸರ ಬೇಡ. ನಾಲ್ಕು ಫಸಲು ನೋಡಾನ, ನಡುವಯಸ್ಸು ಬರ್ಲಿ” ಎಂದು ಹೊಂಬಾಳೆ ಬಾಲದ ಮೀನನ್ನು ಒಂಟಿಯಾಗಿ ಗಾಜಿನೊಳಗಿಟ್ಟು ಕಾದರು. ಮಳೆಗಾಲ ಹೋಯಿತು, ಚಳಿ ಬಂತು, ಬೇಸಿಗೆ ಬಂತು. ಮೀನಿಗೆ ನಡುವಯಸ್ಸು ಯಾವಾಗ ಬಂದು ಯಾವಾಗ ಹೋಯಿತೋ ನಮಗಾರಿಗೂ ತಿಳಿಯಲಿಲ್ಲ. ಒಂದು ಬೆಳಗ್ಗೆ ಅದು ತಣ್ಣಗೆ ಮುದಿತನದಿಂದ ತೀರಿಕೊಂಡಿತ್ತು. ತೆಂಗಿನ ಪಂಚಾಂಗದಲ್ಲಿ ಗಪ್ಪಿಯ ಮುಹೂರ್ತ ನೋಡಿದರೆ ಇನ್ನೇನಾಗುತ್ತದೆ! ಭಾವನವರು ಅದನ್ನು ಸಸಿಯ ಪಾತಿಯಲ್ಲಿ ಹೂತರು. ಪುಣ್ಯಕ್ಕೆ ಅದರ ಬಣ್ಣ ಸ್ವಲ್ಪ ಸ್ವಲ್ಪವಾಗಿ ತೊಟ್ಟಿಯ ಮರಿಗಳಲ್ಲಿ ಇಣುಕುತ್ತಿತ್ತು. ಒಳಗೆ ಬರುವ ಮೊದಲೇ ಅದು ತನ್ನ ಕೆಲಸ ಮುಗಿಸಿಕೊಂಡು ಬಂದಿತ್ತು.

ಆಮೇಲೆ ಅವರು ಮೀನಿನಿಂದಲೇ ಮೀನು ಕಲಿತರು. ಎಳೆಯದರಲ್ಲೇ ಆರಿಸಬೇಕು. ಗಂಡು ಹೆಣ್ಣು ಗುರುತು ಸಿಕ್ಕ ಕೂಡಲೇ ಮರಿಗಳನ್ನು ಬೇರೆ ಬೇರೆ ಪೆಟ್ಟಿಗೆಯಲ್ಲಿ ಇಡಬೇಕು, “ಇಲ್ದಿದ್ರೆ ನಾವು ಆರಿಸೋ ಮುಂಚೆ ಅವೇ ಆರಿಸ್ಕೊಂಡ್ಬುಡ್ತವೆ!” ಬರಿ ಪಕ್ಕದಿಂದ ನೋಡಿದರೆ ಸಾಲದು, ಬೋಗುಣಿಯಲ್ಲಿಟ್ಟು ಮೇಲಿನಿಂದಲೂ ನೋಡಬೇಕು; ಬೆನ್ನಿನ ನಿಜ ಮೇಲಿನಿಂದ ತಿಳಿಯುತ್ತದೆ. ಹೀಗೆ ನನ್ನ ಬಿಳಿ ಪಿಂಗಾಣಿ ಬೋಗುಣಿಯೂ ಅಡುಗೆಮನೆ ಬಿಟ್ಟು ಹೋಯಿತು.

ಕಲಿತದ್ದನ್ನು ಕಲಿಸದೆ ಇರಲಾದೀತೆ? ಭಾನುವಾರದ ಪಾಠ ಶುರುವಾಯಿತು. ಶಿಷ್ಯರು ಮೂವರು: ನಮ್ಮ ಸ್ಫೂರ್ತಿ, ಎದುರುಮನೆಯ ಟೈಲರ್ ಸಾಬರ ಮಗಳು ಆಫ್ರೀನ್, ಮೂಲೆಮನೆಯ ನಂದೀಶ. ಬೀದಿಯ ಮಕ್ಕಳೆಲ್ಲ ಅವರನ್ನು ದೊಡ್ಡಪ್ಪ ಎಂದೇ ಕರೆಯುವುದು. ಮೊದಲನೆಯ ಪಾಠ, ಸುಮ್ಮನೆ ನೋಡುವುದು. ಎರಡನೆಯ ಪಾಠವೂ ಅದೇ. ಮೂರನೆಯದು ನಿದ್ದೆ!

ತಮಾಷೆಯಲ್ಲ. ಊಟವಾದ ಮೇಲೆ ಮಕ್ಕಳು ಗಾಜಿನ ಮುಂದೆ ಚಾಪೆ ಹಾಸಿ ಮಲಗಿ ನೋಡುತ್ತಿರಬೇಕು, ನೋಡುತ್ತ ನೋಡುತ್ತಲೇ ನಿದ್ದೆ ಹೋಗಬೇಕು. ಕನಸಿನಲ್ಲಿ ಯಾವ ಮೀನು ಬಂತೋ ಎದ್ದ ಮೇಲೆ ಅದನ್ನು ಹುಡುಕಿ ಪರೀಕ್ಷೆ ಮಾಡಬೇಕು. “ಕಣ್ಣು ಬುಟ್ಕೊಂಡಿರೋವಾಗ ದಪ್ಪ ಇರೋದು, ಮುಂದೆ ನುಗ್ಗೋದು ಇವೇ ಅಡ್ಡ ಬತ್ತವೆ. ಕಣ್ಣು ಮುಚ್ಚಿದ್ಮೇಲೆ ಏನು ಉಳ್ಕೊಳ್ತದೋ ನೋಡಿ” ಎನ್ನುತ್ತಾರೆ. ಯಾವ ಶಾಲೆಯಲ್ಲಿ ಇಂಥ ಪಾಠ ಉಂಟು, ಹೇಳಿ? ಇದ್ದಿದ್ದರೆ ನಾನೂ ಬಿ.ಎ. ಮಾಡುತ್ತಿದ್ದೆ.

ಆ ಹೊತ್ತಿನ ನಮ್ಮ ಹಾಲ್ ನೋಡಬೇಕು ನೀವು. ಪಶ್ಚಿಮದ ಕಿಟಕಿಯ ಬಿಸಿಲು ತೆಂಗಿನ ಗರಿಗಳಲ್ಲಿ ಸೀಳಿಕೊಂಡು ಬಂದು, ಗಾಜಿನ ನೀರನ್ನು ಹಾದು, ಎದುರುಗೋಡೆಯ ಮೇಲೆ ಅಲೆಯಾಡುತ್ತದೆ. ಕ್ಯಾಲೆಂಡರು, ಗಡಿಯಾರ, ಅತ್ತೆ ಮಾವನವರ ಫೋಟೋ, ಮೊಳೆಗೆ ನೇತುಹಾಕಿದ ಯಜಮಾನರ ಅಂಗಿ ಎಲ್ಲವೂ ನೀರಿನೊಳಗೆ ನಿಂತಂತೆ ಕಾಣುತ್ತವೆ. ಮೀನಿನ ನೆರಳು ಮಲಗಿದ ಮಕ್ಕಳ ಕೆನ್ನೆಯ ಮೇಲೆ ಹಾದುಹೋಗುತ್ತದೆ. ನೀರಿಗೆ ಗಾಳಿ ಊದುವ ಪಂಪಿನ ಗುಳುಗುಳು ಸದ್ದು. ನಾನು ಸೊಪ್ಪು ಸೋಸುತ್ತ ಕೂತವಳು ಎಷ್ಟೋ ಸಲ ಕೈಯಲ್ಲಿ ದಂಟು ಹಿಡಿದೇ ಆ ನೀರಿನೊಳಕ್ಕೆ ಇಳಿದುಹೋಗಿದ್ದೇನೆ. ಎದ್ದಾಗ ಸೊಪ್ಪು ಒಂದು ಕಡೆ, ಕಡ್ಡಿ ಒಂದು ಕಡೆ ಇರುವುದಿಲ್ಲ. ಎರಡೂ ಸಾರಿಗೆ ಹೋಗಿರುತ್ತವೆ.

ಒಂದು ಭಾನುವಾರದ ಪರೀಕ್ಷೆಯ ವೈಭವ ಕೇಳಿ.

“ಏನು ಬಂತ್ಲಾ ಕನಸಲ್ಲಿ?”

“ಮೀನು ಬರ್ಲಿಲ್ಲ ದೊಡ್ಡಪ್ಪ. ನಮ್ಮ ಲೆಕ್ಕದ ಮೇಷ್ಟ್ರು ಬಂದಿದ್ರು” ಎಂದ ನಂದೀಶ ಕಣ್ಣುಜ್ಜಿಕೊಳ್ಳುತ್ತ.

“ಬೆನ್ನು ನೆಟ್ಟಗಿತ್ತಾ?”

“ಇತ್ತು.”

“ನುಗ್ಗೋ ಬುದ್ಧಿ?”

“ಬೋ ಐತೆ.”

“ಹಂಗಾದ್ರೆ ಬ್ಯಾಡ ಬುಡು, ತೊಟ್ಟಿಗೆ ಬುಟ್ಬುಡು!”

ನಂದೀಶ ಎಂದಿದ್ದರೂ ದೊಡ್ಡ ಮೀನನ್ನೇ ಆರಿಸುವವನು. “ಲೇ, ಅದು ಬಚ್ಚಲ ಮರ ಕಣ್ಲಾ! ಮೂರು ಮೀನಿನ ಊಟ ಕಿತ್ಕೊಂಡು ಉಣ್ತಾ ಐತೆ. ನಿಂಗೂ ಮೂರು ಜನದ ಊಟ ಹಾಕಿದ್ರೆ ನೀನೂ ಹಂಗೇ ಆಯ್ತೀಯ” ಎಂದು ಬೈಸಿಕೊಳ್ಳುತ್ತಾನೆ. ಆಫ್ರೀನ್ ನೋಡುವುದು ಬೇರೆ ರೀತಿ. ಬೋಗುಣಿಗೆ ಮೂಗು ತಾಗಿಸಿ, ಅವರಪ್ಪ ಬಟ್ಟೆ ನೋಡುವ ಹಾಗೆ ಒಂದು ಕಣ್ಣು ಕಿರಿದು ಮಾಡಿ, “ಇದರ ಬಾಲ ಒಂದ್ಕಡೆ ಗಿಡ್ಡ ಆಗೈತೆ ದೊಡ್ಡಪ್ಪ. ಕಟಿಂಗ್ ಸರಿ ಇಲ್ಲ” ಎನ್ನುತ್ತಾಳೆ. ಭಾವನವರು ಹಿಗ್ಗಿ ಹೀರೇಕಾಯಿ. “ನೋಡಿದ್ಯಾ? ನೋಡಿದ್ಯಾ? ಈ ಹುಡುಗಿ ಕಣ್ಣಲ್ಲಿ ಟೇಪು ಐತೆ!”

ಇವತ್ತೂ ಹಾಗೇ ಮಲಗಿದರು, ಎದ್ದರು. ಆಫ್ರೀನ್ ಒಂದು ಜೋಡಿ ತೋರಿಸಿದಳು. ಬೋಗುಣಿಯಲ್ಲಿ ಮೇಲಿನಿಂದ ನೋಡಿ, ಪಕ್ಕದಿಂದ ನೋಡಿ, ಭಾವನವರು ತಲೆಯಾಡಿಸಿದರು. ನಂದೀಶ ಅಂತೂ ಇಂತೂ ಮಧ್ಯಮ ಗಾತ್ರದ ಜೋಡಿ ಆರಿಸಿ, ತ್ಯಾಗ ಮಾಡಿದವನ ಮುಖ ಮಾಡಿಕೊಂಡು ಕೂತ. ಸ್ಫೂರ್ತಿಯ ಸರದಿ ಬಂತು. ನಾನು ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದೆ.

“ನಿಂಗೆ ಯಾವುದು ಬಂತವ್ವ?”

“ಡೊಂಕಿ” ಎಂದಳು ಸ್ಫೂರ್ತಿ, ಥಟ್ಟನೆ.

“ಡೊಂಕಿನಾ? ಯಾವ ಕಡೆಯಿಂದ ಬಂತು?”

“ಎಡಗಡೆಯಿಂದ.”

“ಎಡಗಡೆಯಿಂದ ನೋಡಿದ್ರೆ ಬೆನ್ನು ಕಾಣಾಕಿಲ್ಲ.”

“ಕಾಣಿಸ್ತು ದೊಡ್ಡಪ್ಪ. ಕನಸಲ್ಲಿ ಅದರ ಬೆನ್ನು ನೆಟ್ಟಗಿತ್ತು.”

ನಂದೀಶ ಕೂಡ ನಗಲಿಲ್ಲ. ಗೋಡೆಯ ಮೇಲಿನ ಬೆಳಕು ಅತ್ತಿಂದಿತ್ತ ಆಡುತ್ತಿತ್ತು. ಭಾವನವರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. ಮತ್ತೆ ಹಾಕಿಕೊಂಡರು. ಮತ್ತೆ ತೆಗೆದು ಒರೆಸಿದರು.

“ಬೋಗುಣಿಗೆ ಹಾಕವ್ವ. ನೀನೇ ಮೇಲಿಂದ ನೋಡು. ನೋಡಿ ನೀನೇ ಹೇಳು.”

ನನಗೆ ಸಿಟ್ಟು ಬಂತು. ಹನ್ನೊಂದು ವರ್ಷದ ಮಗುವಿನ ಮುಂದೆ ಒಂದು ಬೆರಳುಗಾತ್ರದ ಮೀನಿಗೆ ‘ಆಗಲಿ’ ಅಂದುಬಿಟ್ಟರೆ ಇವರ ಗಂಟೇನು ಹೋಗುತ್ತಿತ್ತು? ಸ್ಫೂರ್ತಿ ಬೋಗುಣಿಗೆ ಬಗ್ಗಿ ಬಹಳ ಹೊತ್ತು ನೋಡಿದಳು. ಡೊಂಕಿ ಬಿಳಿಯ ತಳದ ಮೇಲೆ ಬಿದ್ದ ಅಲ್ಪವಿರಾಮದ ಹಾಗೆ ನಿಂತಿತ್ತು.

“ಡೊಂಕು” ಎಂದಳು ಕೊನೆಗೆ, ಇಷ್ಟೇ ಇಷ್ಟು ದನಿಯಲ್ಲಿ. “ಮರಿಗೂ ಬತ್ತದೆ ಅಲ್ವಾ ದೊಡ್ಡಪ್ಪ?”

“ಬರಬೌದು.”

“ಅವಕ್ಕೂ ಊಟಕ್ಕೆ ಕಷ್ಟ ಆಯ್ತದೆ.”

“ಆಯ್ತದೆ.”

ಅವಳು ಮೂಗು ಒರೆಸಿಕೊಂಡು ಎದ್ದು ಹೋಗಿ, ತನ್ನ ಮೀನುಗಳಲ್ಲೇ ಬೇರೊಂದು ಹೆಣ್ಣನ್ನು, ನೆಟ್ಟ ಬೆನ್ನಿನ, ಸರಾಗವಾಗಿ ಈಜುವ, ಊಟಕ್ಕೆ ಬಂದರೂ ಪಕ್ಕದ ಮೀನನ್ನು ದೂಡದ ಒಂದನ್ನು ಹಿಡಿದಳು. ಅದಕ್ಕೊಂದು ಹೊಂಬಾಳೆ ಬಾಲದ ಗಂಡು. ಎಂಥ ಜೋಡಿ ಅದು! ಆಫ್ರೀನ್‌ಗೆ ಕೂಡ ಕಟಿಂಗಿನಲ್ಲಿ ತಪ್ಪು ಹುಡುಕಲಾಗಲಿಲ್ಲ. ಅವೆರಡನ್ನೂ ಗಾಜಿನ ಪೆಟ್ಟಿಗೆಗೆ ಬಿಟ್ಟು, ಡೊಂಕಿ ಇದ್ದ ಬೋಗುಣಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಸ್ಫೂರ್ತಿ ಹಿತ್ತಿಲಿನ ಬಾಗಿಲ ಕಡೆಗೆ ನಡೆದಳು. ನೀರು ತುಳುಕದ ಹಾಗೆ, ಒಂದೊಂದೇ ಹೆಜ್ಜೆ.

“ಎಲ್ಲಿಗವ್ವ?” ಎಂದರು ಭಾವನವರು.

“ತೊಟ್ಟಿಗೆ. ಆರಿಸದೆ ಇರೋವು ತೊಟ್ಟಿಗೆ ಅಂತ ನೀವೇ ಹೇಳಿದ್ದು.”

“ಬಾ ಇಲ್ಲಿ. ಕೂತ್ಕೊ. ಬೋಗುಣಿ ತೊಡೆ ಮೇಲೆ ಇಟ್ಕೊ.”

ಅವಳು ಬಂದು ಕೂತಳು. ಭಾವನವರು ಚಾಪೆಯ ಅಂಚಿಗೆ ಸರಿದು, ಅವಳನ್ನು ನೋಡದೆ, ಮೀನನ್ನು ನೋಡುತ್ತ ಹೇಳತೊಡಗಿದರು.

“ನಾನು ನಿಮ್ಮಪ್ಪನ ಈಗಿನ ವಯಸ್ಸಿಗಿಂತ ಚಿಕ್ಕೋನಿದ್ದಾಗ ಮೂರು ಊರಿಗೆ ಹೆಣ್ಣು ನೋಡಕ್ಕೆ ಕರ್ಕೊಂಡೋದ್ರು. ಮೂರು ಕಡೆನೂ ಉಪ್ಪಿಟ್ಟು ಕೊಟ್ರು. ಚೆನ್ನಾಗಿತ್ತು ಉಪ್ಪಿಟ್ಟು. ಹೆಣ್ಣು ಯಾರೂ ಕೊಡ್ಲಿಲ್ಲ. ಒಂದು ಕಡೆ ಹುಡುಗ ಬೋ ಕಪ್ಪು ಅಂದ್ರು, ಒಂದು ಕಡೆ ಮಾತಾಡಾಕೇ ಬರಾಕಿಲ್ಲ ಅಂದ್ರು, ಇನ್ನೊಂದು ಕಡೆ ಏನೂ ಹೇಳ್ಲೇ ಇಲ್ಲ. ನನ್ನ ಯಾರೂ ಆರಿಸ್ಲಿಲ್ಲ ಕಣವ್ವ. ಹಂಗಂತ ನಿಮ್ಮಜ್ಜಿ ನನ್ನ ತೊಟ್ಟಿಗೆ ಬುಟ್ಳಾ? ನಿಮ್ಮಮ್ಮ ಬಂದ್ಮೇಲೆ ಅವ್ಳಾದ್ರೂ ಬುಟ್ಳಾ? ದಿನಾ ಬಿಸಿಬಿಸಿ ಮುದ್ದೆ ಹಾಕ್ತಾವ್ಳೆ.”

ಸ್ಫೂರ್ತಿ ಅವರ ಮುಖವನ್ನೇ ನೋಡುತ್ತಿದ್ದಳು.

“ಬಿತ್ತನೆಗೆ ಬ್ಯಾಡ ಅಂದ್ರೆ ಅಷ್ಟೇ ಬ್ಯಾಡ. ಮನೇಗೆ ಬ್ಯಾಡ ಅಂದಂಗಲ್ಲ. ತೊಟ್ಟಿಗೆ ಅಂತ ಸುಮ್ನೆ ಹೇಳ್ಬುಟ್ಟಿದ್ದೆ ನಾನು, ಯೋಚ್ನೆ ಮಾಡ್ದೆ. ಆ ಹೆಣ್ಣು ಮರಿಗಳ ಪೆಟ್ಟಿಗೆ ಐತಲ್ಲ, ಅಷ್ಟು ಮಕ್ಕಳಿಗೆ ಒಬ್ಳು ದೊಡ್ಡಮ್ಮ ಬ್ಯಾಡ್ವಾ? ಅಲ್ಲಿ ಬುಡು ಇದನ್ನ. ಮೊದಲ ಊಟ ಇದಕ್ಕೆ, ಆಮೇಲೆ ಉಳಿದೋರಿಗೆ. ನಾನೇ ನಿಂತು ಹಾಕ್ತೀನಿ.”

ನಾನು ಈ ಮನೆಗೆ ಬಂದು ಇಷ್ಟು ವರ್ಷವಾಯಿತು. ‘ನಿಮ್ಮ ಭಾವ ಯಾಕೆ ಮದುವೆಯಾಗಲಿಲ್ಲ’ ಎಂದು ಯಾರಾದರೂ ಕೇಳಿದರೆ, ‘ಅವರಿಗೆ ಯಾವ ಹೆಣ್ಣೂ ಒಪ್ಪಿಗೆಯಾಗಿರಲಿಕ್ಕಿಲ್ಲ, ಆರಿಸಿ ಆರಿಸಿ ವಯಸ್ಸು ಕಳೆದಿರಬೇಕು’ ಎಂದು ನಾನೇ ನಗುತ್ತ ಹೇಳಿ ಕಳಿಸುತ್ತಿದ್ದೆ. ಅವರ ಕಿವಿಗೂ ಆ ಮಾತು ಬಿದ್ದಿರುತ್ತದೆ. ಅವರೂ ನಕ್ಕಿರುತ್ತಾರೆ. ಸೌಟಿನಿಂದ ಸಾರು ನನ್ನ ಕಾಲ ಮೇಲೆ ತೊಟ್ಟಿಕ್ಕುತ್ತಿದ್ದುದು ನನಗೆ ಆಮೇಲೆ ಗೊತ್ತಾಯಿತು.

ಡೊಂಕಿಯನ್ನು ಸ್ಫೂರ್ತಿಯೇ ಮರಿಗಳ ಪೆಟ್ಟಿಗೆಗೆ ಬಿಟ್ಟಳು. ಅದು ಓರೆಯಾಗಿ ಒಂದು ಸುತ್ತು ಹಾಕಿ, ಗಿಡದ ಎಲೆಯೊಂದರ ಕೆಳಗೆ ನಿಂತಿತು. ಎಳೆಯ ಮರಿಗಳೆಲ್ಲ ಬಂದು, ಹೊಸದಾಗಿ ಮನೆಗೆ ಬಂದವರನ್ನು ನೋಡುವ ಹಾಗೆ ಸುತ್ತಲೂ ನಿಂತವು. ಅಷ್ಟರಲ್ಲಿ ಬೀದಿದೀಪ ಹತ್ತಿತು. ಆಫ್ರೀನಳನ್ನು ಅವರಮ್ಮ ಕೂಗಿದರು. ನಂದೀಶನನ್ನು ಯಾರೂ ಕೂಗಲಿಲ್ಲ, ಸಾರಿನ ವಾಸನೆಗೆ ಅವನೇ ಉಳಿದುಕೊಂಡ.

ರಾತ್ರಿ ಮುದ್ದೆ, ಅವರೆಕಾಳು ಸಾರು, ಒಂದು ಹಿಡಿ ಕಾಯಿತುರಿ ಹಾಕಿದ ಹುರುಳಿಕಾಯಿ ಪಲ್ಯ. ಸಾರಿಗೆ ಬೆಲ್ಲ ಹಾಕಿದ್ದೆ. ಯಾರೂ ಏನೂ ಅನ್ನಲಿಲ್ಲ. ಬೆಳಗಿನಿಂದ ಉಪವಾಸವಿದ್ದ ಸ್ಫೂರ್ತಿ ಕೇಳಿ ಹಾಕಿಸಿಕೊಂಡು ಉಂಡಳು. ಭಾವನವರಿಗೆ ಮುದ್ದೆ ಹಾಕುವಾಗ ನಾನು ಸ್ವಲ್ಪ ದೊಡ್ಡದನ್ನೇ ಹಾಕಿದೆ. “ಇದೇನಮ್ಮಯ್ಯ, ಬೆಟ್ಟ ತಂದಿಟ್ಟಂಗೆ?” ಎಂದರು. ಸುಮ್ಮನೆ ಉಣ್ಣಿ ಭಾವ, ಎಂದೆ. ಉಂಡರು.

ಮೊದಲು ನಿದ್ದೆ ಹೋದವರು ಅವರೇ, ಹಾಸಿಗೆಗೂ ಹೋಗದೆ, ಹಾಲ್‌ನ ಚಾಪೆಯ ಮೇಲೆ. ಸ್ಫೂರ್ತಿ ತನ್ನ ಕಂಬಳಿ ತಂದು ಹೊದಿಸಿದಳು. ಅದು ಚಿಕ್ಕದು, ಕಾಲು ಹೊರಗುಳಿಯಿತು. ಇನ್ನೊಂದು ತಂದು ಕಾಲಿಗೂ ಹೊದಿಸಿ, ಆಮೇಲೆ ತಾನು ಮಲಗಿದಳು.